ಬರೀ ನೀರು, ಒಂದೂಕಾಲು

ಕಳೆದ ವಾರ ಅನುಭವ ಪತ್ರ ಕೇಳಲು ದಾಂಡೇಲಿಯ ಆ ರೆಸಾರ್ಟಿಗೆ ಹೋಗಿದ್ದೆ. ಒಳಗೆ ಕಾಲಿಡುತ್ತಲೇ ಎಡಗಡೆ ಕಾಣುತ್ತಿದ್ದ ಮೀನಿನ ಟ್ಯಾಂಕಿನ ಜಾಗದಲ್ಲಿ ಈಗ ಬೆತ್ತದ ಉಯ್ಯಾಲೆ ಇದೆ. ಬಂದವರು ಅದರಲ್ಲಿ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ. ಪತ್ರಕ್ಕೆ ಸಹಿಯಾಗುವವರೆಗೆ ನಾನೂ ಅದರ ಅಂಚಿಗೆ ಕುಳಿತಿದ್ದೆ. ಟ್ಯಾಂಕಿನ ಸ್ಟ್ಯಾಂಡ್ ನಿಂತಿದ್ದಲ್ಲಿ, ಕರಿಕಲ್ಲಿನ ನೆಲದ ಮೇಲೆ, ಬಿಳಿಯ ಗೆರೆಯೊಂದು ಉಳಿದಿತ್ತು. ಎರಡು ವರ್ಷ ಒರೆಸಿದರೂ ಹೋಗಿಲ್ಲ. ಯಾರೂ ನೋಡುತ್ತಿಲ್ಲ ಎಂದು ಖಚಿತ ಮಾಡಿಕೊಂಡು, ಬೆರಳು ಒದ್ದೆ ಮಾಡಿ ಆ ಗೆರೆಗೆ ಒತ್ತಿ ನಾಲಿಗೆಗೆ ಹಚ್ಚಿಕೊಂಡೆ. ಉಪ್ಪು. ಊರಿಗೆ ಬಂದು ಟ್ರಂಕಿನ ತಳದಿಂದ ಆ ಮಳೆಗಾಲದ ನೋಟ್‌ಬುಕ್ ತೆಗೆದೆ.

ಮೊದಲ ಪುಟದಲ್ಲಿ ಏಪ್ರಿಲ್ ತಿಂಗಳ ಪಟ್ಟಿ ಇದೆ. ನಕ್ಷತ್ರಮೀನು ಒಂದು. ಸಿಗಡಿ ಎರಡು. ಬಂಡೆಗೆ ಅಂಟಿಕೊಂಡು ಬೆರಳುಗಳಂಥ ಎಸಳು ಆಡಿಸುವ ಕಡಲ ಹೂ ಒಂದು. ಅದು ಗಿಡವಲ್ಲ, ಪ್ರಾಣಿ. ಆ ಹೂವಿನೊಳಗೇ ಮನೆ ಮಾಡಿಕೊಂಡಿದ್ದ ಕಿತ್ತಳೆ ಬಣ್ಣದ ಜೋಕರ್ ಮೀನು ಎರಡು. ಸಣ್ಣ ನೀಲಿ ಮೀನು ಐದು. ಒಟ್ಟು ಹನ್ನೊಂದು. ಅಡಿಯಲ್ಲಿ ಗೆರೆ ಎಳೆದು ತಾರೀಖು ಹಾಕಿದ್ದೇನೆ.

ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ ಎರಡು ವರ್ಷ ಸಾಂಬ್ರಾಣಿ ಎಂಬ ನಮ್ಮೂರಿನ ಮನೆಯಲ್ಲಿ ಕುಳಿತಿದ್ದವಳಿಗೆ ಸಿಕ್ಕ ಮೊದಲ ಕೆಲಸ ಅದು. ಸ್ವಾಗತದ ಮೇಜಿನ ಕೆಲಸಕ್ಕೆಂದು ಕರೆದಿದ್ದರು. ನಾನು ಓದಿದ್ದೇನು ಎಂದು ಗೊತ್ತಾದ ಮೇಲೆ ಮಾಲಕರು ಟ್ಯಾಂಕಿನ ಕಡೆ ಕೈ ತೋರಿಸಿ, "ಹಂಗಾದ್ರ ಇದೂ ನಿಂದ ನೋಡವಾ" ಎಂದರು. ಕಲಿತದ್ದು ಯಾವುದಕ್ಕಾದರೂ ಬಂತಲ್ಲ ಎಂದು ಅಂದು ನಾನು ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ. ಅದನ್ನೂ ಬರೆದಿದ್ದೇನೆ.

ಮೀನು ತಂದವನು ಗೋವೆಯ ಅಂತೋನ್. ತಿಂಗಳಿಗೆರಡು ಸಲ ಅನಮೋಡ ಘಟ್ಟದ ಮೇಲಿಂದ ಟೆಂಪೋದಲ್ಲಿ ಡ್ರಮ್ಮುಗಟ್ಟಲೆ ಸಮುದ್ರದ ನೀರು ತಂದು ಟ್ಯಾಂಕಿನ ನೀರು ಬದಲಿಸುತ್ತಿದ್ದ. ಮೇ ಕೊನೆಯಲ್ಲಿ ಬಂದವನು ಮತ್ತೆ ಬರುವುದು ಅಕ್ಟೋಬರಿಗೇ ಎಂದ.

"ಪಾವಸಾದಾಗ, ಮಳಿಯಾಗ, ಘಾಟ ಹತ್ತೂದಿಲ್ಲ ನಾನು, ಮ್ಯಾಡಂ. ಹೆಂಡ್ತಿಗೆ ವಚನ ಕೊಟ್ಟೇನಿ."

ನೀರಿಗೆ ಕಲಸುವ ಸಮುದ್ರದ ಉಪ್ಪಿನ ಒಂದು ಚೀಲ ಇಳಿಸಿದ. ಜೊತೆಗೆ ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ ಡಬ್ಬಿ ಕೊಟ್ಟ. ಅದರಲ್ಲಿ ನೀರು ತುಂಬಿದರೆ ಒಳಗಿನ ಮುಳ್ಳು ಮೇಲೆದ್ದು ಉಪ್ಪಿನ ಅಳತೆ ತೋರಿಸುತ್ತದೆ. "ನೀರಾಗ ಹತ್ತು ಮಿನಿಟ ಬಿಡ್ರಿ. ಗುಳ್ಳಿ ಹೋಗೂ ಹಂಗ ಬೆರಳಿಲೆ ಬಡೀರಿ. ಆಮ್ಯಾಲ ನೋಡ್ರಿ. ಸಸ್ತಾ ಮಾಲ, ಆದ್ರ ಖೋಟಾ ಹೇಳೂದಿಲ್ಲ."

ಅವನು ಹೋದ ಮೇಲೆ ಮಾಲಕರು ಹೇಳಿದ್ದು ಇಷ್ಟು: "ಮಳಿಗಾಲ ದಾಟಸವಾ. ಖಾಲಿ ಟ್ಯಾಂಕ್ ಇಟ್ಕೊಂಡು ಅಕ್ಟೋಬರಕ್ಕ ಮಂದಿಗೆ ಏನ್ ತೋರಸ್ಲಿ? ಖಾಲಿ ಆದ ದಿನಾನ ತಗದು ಹಾಕತೇನಿ."

ಹನ್ನೊಂದನ್ನೂ ಅಕ್ಟೋಬರಿಗೆ ಮುಟ್ಟಿಸುವುದು. ನೋಟ್‌ಬುಕ್ಕಿನಲ್ಲಿ ಇದನ್ನು ಕೆಂಪು ಪೆನ್ನಿನಿಂದ ಬರೆದಿದ್ದೇನೆ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ನಾನು ದಿನಕ್ಕೆರಡು ಸಲ ಅಂತೋನನ ಡಬ್ಬಿಯಲ್ಲಿ ಉಪ್ಪು ಅಳೆದೆ. ಅವನ ಹತ್ತು ನಿಮಿಷ ನನಗೆ ಹೆಚ್ಚೆನಿಸಿತು, ಎರಡಕ್ಕೇ ನೋಡುತ್ತಿದ್ದೆ. ಮುಳ್ಳು ಬೆಳಿಗ್ಗೆ ಒಂದು ಕಡೆ, ಸಂಜೆ ಒಂದು ಕಡೆ. ಒಮ್ಮೆ ಬಡಿದರೆ ಒಂದು ಅಂಕಿ, ಮತ್ತೊಮ್ಮೆ ಬಡಿದರೆ ಇನ್ನೊಂದು. ಅಂಕಿಗಳನ್ನು ನಂಬುವವಳಿಗೆ ಇದು ತಡೆಯಲಾಗದ ಕಿರಿಕಿರಿ. ನೀರಿನ ಫಿಲ್ಟರ್ ರಿಪೇರಿಗೆ ಬಂದವನ ಹತ್ತಿರ ಪೆನ್ನಿನಂಥ ಡಿಜಿಟಲ್ ಮೀಟರ್ ಇತ್ತು. ಅದನ್ನು ಟ್ಯಾಂಕಿಗೆ ಅದ್ದಿದರೆ ಅಂಕಿಯ ಬದಲು ಎರಡು ಅಡ್ಡಗೆರೆ ತೋರಿಸಿತು. ಅದು ಕುಡಿಯುವ ನೀರಿಗೆ ಮಾಡಿದ್ದು, ಇಷ್ಟು ಉಪ್ಪು ಅದರ ಲೆಕ್ಕಕ್ಕೆ ಮೀರಿದ್ದು.

ಆಗ ನೆನಪಾದದ್ದು ಅಪ್ಪನ ದುರ್ಬೀನು.

ಅಪ್ಪ ಸಕ್ಕರೆ ಕಾರ್ಖಾನೆಯೊಂದರ ಫೀಲ್ಡ್‌ಮನ್. ಸುಗ್ಗಿಗೆ ಮೊದಲು ಹೊಲ ಹೊಲ ತಿರುಗಿ, ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡಿ, ಯಾವ ಹೊಲ ಮೊದಲು ಕಡಿಯಬೇಕು ಎಂದು ಬರೆಯುವುದು ಅವರ ಕೆಲಸ. ಅದಕ್ಕೆ ಬಳಸುವ ರಿಫ್ರ್ಯಾಕ್ಟೋಮೀಟರ್ ಗೇಣುದ್ದದ ಕೊಳವೆ. ತುದಿಯ ಓರೆ ಗಾಜಿಗೆ ಒಂದು ಹನಿ ಹಾಕಿ, ಮುಚ್ಚಳ ಒತ್ತಿ, ಬೆಳಕಿನ ಕಡೆ ಹಿಡಿದು ಕಣ್ಣಿಟ್ಟರೆ ನೀಲಿ ಮತ್ತು ಬಿಳಿ ಸೇರುವ ಕಡೆ ಅಂಕಿ ಸಿಗುತ್ತದೆ. ಊರವರು ಅದನ್ನು ದುರ್ಬೀನು ಎನ್ನುತ್ತಾರೆ. ಅಪ್ಪ ಅದನ್ನು ಕಣ್ಣಿಗೆ ಹಿಡಿದಾಗ ಹೊಲದ ಯಜಮಾನರು ಮಾತು ನಿಲ್ಲಿಸಿ ನಿಲ್ಲುತ್ತಿದ್ದುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಸಕ್ಕರೆಯಾದರೇನು, ಉಪ್ಪಾದರೇನು, ನೀರಿನಲ್ಲಿ ಕರಗಿದ್ದು ಬೆಳಕನ್ನು ಬಾಗಿಸುತ್ತದೆ. ಸಮುದ್ರದ ನೀರು ಆ ಅಳತೆಯಲ್ಲಿ ಎಲ್ಲಿ ನಿಲ್ಲಬೇಕು ಎಂದು ಫೋನಿನಲ್ಲಿ ಕೋಷ್ಟಕ ಸಿಕ್ಕಿತು. ನಾಲ್ಕೂವರೆ.

ರಜೆಯ ದಿನ ಊರಿಗೆ ಹೋಗಿ ಕೇಳಿದೆ. "ಮಳಿಗಾಲದಾಗ ಅದಕ್ಕೇನು ಕೆಲಸ, ಒಯ್ಯಿ" ಎಂದು ಅಪ್ಪ ಚರ್ಮದ ಚೀಲ ಸಮೇತ ಕೊಟ್ಟರು. "ದಸರಾಕ್ಕ ತಂದ್ಕೊಡು. ಮ್ಯಾಲಿನ ಸ್ಕ್ರೂ ಅಟ ಮುಟ್ಟಬ್ಯಾಡ."

ಜೂನ್ 11ರ ಪುಟ ನಾನು ಅತಿ ಹೆಚ್ಚು ಸಲ ಓದಿದ ಪುಟ. ಮೂರು ಉಪಕರಣಗಳಿಗೂ ಹತ್ತಕ್ಕೆ ಅಂಕ ಕೊಟ್ಟಿದ್ದೇನೆ. ಪ್ಲಾಸ್ಟಿಕ್ ಡಬ್ಬಿಗೆ ಮೂರು. ಪೆನ್ ಮೀಟರಿಗೆ ಸೊನ್ನೆ. ಅಪ್ಪನ ದುರ್ಬೀನಿಗೆ ಒಂಬತ್ತು. ಅಡುಗೆಯ ಸುಮಿತ್ರಾಬಾಯಿ ನನ್ನ ಹೆಗಲ ಮೇಲಿಂದ ಇಣುಕಿದರು. ಹುಟ್ಟಿದ್ದು ಕಾರವಾರದ ಕಡೆ ಸಮುದ್ರದ ದಂಡೆಯಲ್ಲಿ, ಕೊಟ್ಟದ್ದು ಜೋಯಿಡಾಕ್ಕೆ. ಮಾತೆಲ್ಲ ಅರ್ಧ ಕೊಂಕಣಿ.

"ಕಿತೆಂ ಗೋ ಬಾಯ್, ಮೀನಕ್ಕೂ ಪರೀಕ್ಷಾ?"

"ಮೀನಕ್ಕಲ್ಲ ಬಾಯಿ, ಉಪ್ಪು ಅಳಿಯೂದಕ್ಕ."

ಅವರು ಟ್ಯಾಂಕಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. "ಬರೋಬರ್ ಐತಿ. ನಮ್ಮೂರ ನೀರ ಹಿಂಗ ಇರ್ತದ. ನನ್ನ ನಾಲಿಗಿಗೆ ಎಷ್ಟ ಕೊಡ್ತಿ?"

"ಅರ್ಧ."

"ಅರ್ಧಾ! ಈ ನಾಲಿಗಿ ಮ್ಯಾಲ ಐವತ್ತ ಮಂದಿ ಉಣ್ತಾರ ಇಲ್ಲಿ."

ನಾಲ್ಕನೇ ಸಾಲಿನಲ್ಲಿ 'ನಾಲಿಗೆ: ಅರ್ಧ' ಎಂದು ಬರೆದು ಇಬ್ಬರೂ ನಕ್ಕೆವು.

ಅದೇ ಪುಟದ ಕೆಳಗೆ ಆ ದಿನದ ಅಳತೆಗಳಿವೆ. ಟ್ಯಾಂಕಿನ ನೀರು: ಐದೂಮುಕ್ಕಾಲು. ಬರೀ ನೀರು: ಒಂದೂಕಾಲು.

ಬರೀ ನೀರನ್ನು ಯಾಕೆ ಅಳೆದೆ ಎಂದರೆ ಹಾಗೆ ಮಾಡಬೇಕೆಂದು ಕಾಲೇಜಿನಲ್ಲಿ ಕಲಿತಿದ್ದೆ. ಏನೂ ಕರಗದ ನೀರು ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಮೇಲಿನ ಸ್ಕ್ರೂ ತಿರುಗಿಸಿ ಸೊನ್ನೆಗೆ ತರಬೇಕು. ಅಪ್ಪನಿಗೆ ಫೋನು ಮಾಡಿದೆ.

"ಮುಟ್ಟಬ್ಯಾಡಂದ್ನೆಲ್ಲ ನಿನಗ," ಅಂದರು. "ಬೋರಿನ ನೀರಾಗ ಸುಣ್ಣ ಇರ್ತೈತಿ, ಅದನ್ನ ತೋರಸ್ತೈತಿ ಅದು. ಇಪ್ಪತ್ತ ವರ್ಸಾತು, ಒಮ್ಮೆರ ತಪ್ಪು ಹೇಳಿಲ್ಲ."

ಅಡುಗೆಮನೆಯ ಫಿಲ್ಟರಿನ ನೀರನ್ನೂ ನೋಡಿದೆ. ಒಂದೂಕಾಲು. ಫಿಲ್ಟರ್ ಹಳೆಯದು ಎಂದುಕೊಂಡೆ. ಹನಿಗೆ ಅಷ್ಟು ಸುಣ್ಣವಿರುವ ನೀರನ್ನು ಯಾರೂ ಬಾಯಿಗೇ ಇಡಲಾರರು ಎಂಬುದು ನನ್ನ ತಲೆಗೆ ಬರಲಿಲ್ಲ. ತಲೆಯ ತುಂಬ ಒಂದೇ ಗಾಬರಿ: ನಾಲ್ಕೂವರೆ ಇರಬೇಕಾದಲ್ಲಿ ಐದೂಮುಕ್ಕಾಲು. ನನ್ನ ಹನ್ನೊಂದು ಜೀವಗಳು ಬೇಯುವಂಥ ಉಪ್ಪಿನಲ್ಲಿವೆ.

ಮರುದಿನದಿಂದ ನಾನೂರು ಲೀಟರಿನ ಟ್ಯಾಂಕಿನಿಂದ ದಿನಕ್ಕೆ ಇಪ್ಪತ್ತು ಲೀಟರ್ ತೆಗೆದು, ಅಷ್ಟೇ ಸಿಹಿನೀರು ಹಾಕುತ್ತ ಹೋದೆ. ಅಂತೋನ್ ಗೋವೆಯಿಂದ ಹೊತ್ತು ತಂದ ಸಮುದ್ರವನ್ನು ಹಿಂದಿನ ದಾಸವಾಳದ ಬುಡಕ್ಕೆ ಸುರಿದೆ. ಆರನೇ ದಿನ ಗೆರೆ ನಾಲ್ಕೂವರೆಗೆ ಬಂದು ನಿಂತಿತು. ಅಂದಿನ ಪುಟದಲ್ಲಿ ಅಂಕಿಯ ಸುತ್ತ ವೃತ್ತವಿದೆ. ಪ್ಲಾಸ್ಟಿಕ್ ಡಬ್ಬಿಯನ್ನು ಕಪಾಟಿನೊಳಗೆ ಹಾಕಿಬಿಟ್ಟೆ.

ಸುಮಿತ್ರಾಬಾಯಿ ಮತ್ತೆ ಬೆರಳದ್ದಿದರು. "ಸಪ್ಪಗ ಆಗ್ಯಾವ ಗೋ. ಮಕ್ಕಳಿಗೆ ಮಾಡಿದ ಸಾರಿನಂಗ."

"ದುರ್ಬೀನು ಸರಿ ಐತಿ ಅಂತೈತಿ, ಬಾಯಿ."

"ನಿನ್ನ ದುರ್ಬೀನು ಸಮುದ್ರ ನೋಡೇತೇನು?"

ನಾನೂ ನೋಡಿರಲಿಲ್ಲ.

ಜುಲೈ 1. ನಕ್ಷತ್ರಮೀನಿನ ಒಂದು ತೋಳು ಗಾಜಿನಿಂದ ಕಳಚಿ ಜೋತುಬಿತ್ತು. ಸಂಜೆಯ ಹೊತ್ತಿಗೆ ತೋಳಿನ ತುದಿ ನೆಂದ ಕಾಗದದಂತೆ ಬಿಡತೊಡಗಿತು. ಮೂರನೇ ದಿನ ಚಮಚದಲ್ಲಿ ಎತ್ತಿ ತೆಗೆದೆ. ಉಳಿದದ್ದು ಹತ್ತು. ಮರುವಾರ ಸಿಗಡಿಗಳು ಒಂದರ ಹಿಂದೊಂದು ಹೋದವು. ಎಂಟು. ಹೊರಗೆ ಮಳೆ ಬಿಡುವು ಕೊಡದೆ ಸುರಿಯುತ್ತಿತ್ತು. ಬಂದವರು ಯಾರೂ ಇಲ್ಲ. ಸ್ವಾಗತದ ಮೇಜಿನ ಮೇಲೆ ರಿಜಿಸ್ಟರ್ ತೇವಕ್ಕೆ ಉಬ್ಬಿತ್ತು. ನಾನು ದಿನಕ್ಕೆ ನಾಲ್ಕು ಸಲ ಅಳೆಯತೊಡಗಿದೆ. ಪ್ರತಿ ಸಲವೂ ನಾಲ್ಕೂವರೆ. ಹಾಗಿದ್ದಮೇಲೆ ಉಪ್ಪು ಕಾರಣವಲ್ಲ. ಬೆಳಕು ಬದಲಿಸಿದೆ, ಆಹಾರ ಅರ್ಧಕ್ಕೆ ಇಳಿಸಿದೆ, ಗಾಳಿಯ ಪಂಪು ಎರಡು ಮಾಡಿದೆ. ಒಂದೊಂದಕ್ಕೂ ಒಂದೊಂದು ಸಾಲು.

ದಾಸವಾಳವೂ ಒಣಗಿತು. ಸುಮಿತ್ರಾಬಾಯಿ ಒಣಗಿದ ಟೊಂಗೆಯನ್ನು ಮುರಿದು ತಂದು ನನ್ನ ಮೇಜಿನ ಮೇಲಿಟ್ಟರು. "ಇದನ್ನೂ ಬರ್ಕೋ."

ಕಡಲ ಹೂ ಜುಲೈ ಪೂರ್ತಿ ಕುಗ್ಗುತ್ತ ಬಂತು. ಬೆಳಿಗ್ಗೆ ಊದಿಕೊಂಡಂತೆ ಕಂಡರೆ ಮಧ್ಯಾಹ್ನಕ್ಕೆ ಮುದ್ದೆ. ಜೋಕರ್ ಮೀನುಗಳು ಅದರೊಳಗೆ ನುಗ್ಗಲು ಹೋಗಿ ಹೊರಗೇ ಉಳಿಯುತ್ತಿದ್ದವು. ಆಗಸ್ಟ್ 5ರಂದು ಅದು ಬಂಡೆಯಿಂದ ಬಿಟ್ಟುಕೊಂಡಿತು. ತೆಗೆಯುವಷ್ಟರಲ್ಲಿ ನೀರೆಲ್ಲ ಹಾಲು ಚೆಲ್ಲಿದಂತಾಗಿ, ಆ ವಾಸನೆಗೆ ಮಾಲಕರು ಒಳಗಿನಿಂದಲೇ ಕೂಗಿದರು: "ಏನ್ ಸತ್ತೇತಿ ಅಲ್ಲಿ?" ಏಳು.

ಆಗಸ್ಟ್ 14. ದುರ್ಬೀನಿನ ಗಾಜು ತೊಳೆಯಲು ಅಡುಗೆಮನೆಗೆ ಹೊರಟಿದ್ದೆ. ನಡುವಿನ ಅಂಗಳ ದಾಟುವಾಗ ತೆರೆದ ಗಾಜಿನ ಮೇಲೆ ಮಳೆಯ ಹನಿ ಬಿತ್ತು. ಎರಡು ತಿಂಗಳ ರೂಢಿ. ಕೈ ತಾನಾಗಿ ಮುಚ್ಚಳ ಒತ್ತಿತು, ಕೊಳವೆ ಕಣ್ಣಿಗೆ ಬಂತು. ಒಂದೂಕಾಲು.

ಸೆರಗಿನಿಂದ ಗಾಜು ಒರೆಸಿ, ಕೈಚಾಚಿ ಇನ್ನೊಂದು ಹನಿ ಹಿಡಿದೆ. ಒಂದೂಕಾಲು. ಇನ್ನೊಂದು. ಮಳೆಯಲ್ಲಿ ಯಾವ ಸುಣ್ಣ? ಜೂನ್‌ನಿಂದ ಆ ಮಾಡಿನ ಅಂಚಿನಲ್ಲಿ ಬರೀ ನೀರು ಸುರಿಯುತ್ತಲೇ ಇತ್ತು. ಒಂದು ಹನಿ ಹಿಡಿಯಬೇಕೆಂದು ನನಗೆ ಒಂದು ದಿನವೂ ಅನಿಸಿರಲಿಲ್ಲ.

"ಮಳಿಯಾಗ ನಿಂತ್ಗೊಂಡು ಏನ್ ನೋಡ್ತಿ, ಆಕಾಶದಾಗ ಮೀನ ಅದಾವೇನು?" ಎಂದರು ಸುಮಿತ್ರಾಬಾಯಿ.

ಒಳಗೆ ಹೋಗಿ ಜೂನ್ 11ರ ಪುಟ ತೆರೆದೆ. ಐದೂಮುಕ್ಕಾಲರಲ್ಲಿ ಒಂದೂಕಾಲು ಕಳೆದರೆ ನಾಲ್ಕೂವರೆ. ಅಂದು ಟ್ಯಾಂಕಿನ ನೀರು ಇರಬೇಕಾದಷ್ಟೇ ಇತ್ತು. ಎರಡೂ ಅಂಕಿ ನನ್ನದೇ ಅಕ್ಷರದಲ್ಲಿ, ಒಂದರ ಕೆಳಗೊಂದು, ಕಳೆಯುವ ಲೆಕ್ಕಕ್ಕೆ ಜೋಡಿಸಿಟ್ಟ ಹಾಗೆ ಇದ್ದವು. ಕಪಾಟಿನಿಂದ ಅಂತೋನನ ಡಬ್ಬಿ ತೆಗೆದು ಟ್ಯಾಂಕಿನ ನೀರು ತುಂಬಿ, ಹತ್ತು ನಿಮಿಷ ಬಿಟ್ಟು, ಬಡಿದು ನೋಡಿದೆ. ಮುಳ್ಳು ತಳದ ಹತ್ತಿರ ಮಲಗಿತ್ತು.

ಉಪ್ಪನ್ನು ಒಮ್ಮೆಲೇ ಏರಿಸಬಾರದು. ಇಳಿಯುವುದನ್ನು ಮೀನು ತಾಳಿಕೊಂಡಾವು, ಏರುವುದನ್ನು ತಾಳವು. ಇದು ನನಗೆ ಗೊತ್ತಿತ್ತು. ಹನ್ನೆರಡು ದಿನಗಳ ಯೋಜನೆ ಬರೆದೆ, ದಿನಕ್ಕೆ ಇಷ್ಟಿಷ್ಟೇ ಉಪ್ಪು. ಹೂವು ಕೊಳೆತ ನೀರಿನಲ್ಲಿ ಮೊದಲೇ ಸೋತಿದ್ದವೋ ಏನೋ, ಮೂರನೇ ದಿನ ಎರಡು ನೀಲಿ ಮೀನು ತೇಲಿದವು. ಐದು.

ಆಗಸ್ಟ್ 19ರ ಪುಟ ಖಾಲಿ. ಆ ನೋಟ್‌ಬುಕ್ಕಿನಲ್ಲಿ ಖಾಲಿ ಇರುವುದು ಅದೊಂದೇ. ಅಂದು ಬೆಳಿಗ್ಗೆ ಉಳಿದವು ಬಾಯಿ ಮೇಲೆತ್ತಿ ನೀರಿನ ಮಟ್ಟದಲ್ಲಿ ಗುಟುಕರಿಸುತ್ತಿದ್ದುದನ್ನು ಕಂಡು, ಚೀಲದಲ್ಲಿದ್ದ ಉಪ್ಪನ್ನು ಬಕೆಟ್ಟಿನಲ್ಲಿ ಕಲಸಿ, ಮಧ್ಯಾಹ್ನದೊಳಗೆ ನೀರನ್ನು ಸರಿಯಾದ ಅಳತೆಗೆ ತಂದೆ. ಅಳತೆ ಸರಿಯಾಗಿಯೇ ಇತ್ತು. 20ರ ಪುಟದಲ್ಲಿ ಸತ್ತವುಗಳ ಲೆಕ್ಕ: ನೀಲಿ ಮೂರು, ಜೋಕರ್ ಒಂದು. ಉಳಿದದ್ದು ಒಂದು.

ಆ ಒಂದು ಜೋಕರ್ ಮೀನು ಇನ್ನೂ ಎರಡು ವಾರ ಬದುಕಿತು. ಹೂವು ಇದ್ದ ಬಂಡೆಗೆ ಮೈ ಒತ್ತಿಕೊಂಡು ನಿಂತಿರುತ್ತಿತ್ತು. ಹಾಕಿದ್ದು ತಿನ್ನಲಿಲ್ಲ. ಸೆಪ್ಟೆಂಬರ್ 3ಕ್ಕೆ ಸೊನ್ನೆ. ಮಾಲಕರು ಬೈಯಲಿಲ್ಲ. "ಇಲ್ಲಿ ಸಮುದ್ರ ಎಲ್ಲಿಂದ ಬರಬೇಕವಾ, ನಂದ ತಪ್ಪು" ಎಂದು, ಅದೇ ವಾರ ಟ್ಯಾಂಕ್ ತೆಗೆಸಿದರು. ನನ್ನನ್ನು ಪೂರ್ತಿ ಸ್ವಾಗತದ ಮೇಜಿಗೆ ಹಾಕಿದರು. ಅಂತೋನನಿಗೆ ಫೋನು ಮಾಡಿ ಬರಬೇಡ ಎಂದು ಹೇಳುವ ಕೆಲಸ ನನಗೆ ಬಂತು. ಅವನು ಕೇಳಿದ್ದು ಒಂದೇ ಮಾತು: "ಡಬ್ಬಿ ಏನ್ ಹೇಳ್ತಿತ್ರಿ?"

ದಸರೆಗೆ ನಾಲ್ಕು ದಿನ ಮೊದಲು ದುರ್ಬೀನು ತೆಗೆದುಕೊಂಡು ಊರಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕುಳಿತು ಬೂಟಿಗೆ ಎಣ್ಣೆ ಹಚ್ಚುತ್ತಿದ್ದರು.

"ಅಪ್ಪಾ, ಮಳಿ ನೀರ ಹಾಕಿದ್ರೂ ಒಂದೂಕಾಲ ತೋರಸ್ತೈತಿ."

ಅವರ ಕೈ ನಿಂತಿತು. ಬೂಟನ್ನು ಕೆಳಗಿಟ್ಟರು.

"ನಾನ ತಿರುವಿದ್ದು," ಅಂದರು. "ಪರಸಪ್ಪನ ಹೊಲ ನೋಡಿದ್ದೀಯಲ್ಲ, ಅಡವಿಗೆ ಹಚ್ಚಿ ಐತಿ. ನನ್ನ ಪಾಲಿಗೆ ಬಂದ ಹೊಲ ಎಲ್ಲಾ ಹಂಗ. ಹದಿನೆಂಟ ಆದ ಮ್ಯಾಲ ಕಡೀಬೇಕಂತ ಕಾರ್ಖಾನಿಯವ್ರ ಹೇಳ್ತಾರ. ಹದಿನೆಂಟ ಆಗೂತನ ಆನಿ ಬಿಡ್ತಾವೇನು? ಒಂದೂಕಾಲ ಮುಂದ ಇಟ್ಟೆ. ಹದಿನೇಳಕ್ಕ ಕಡಿಯಾಕ ಪಾಳಿ ಸಿಗತೈತಿ. ರೊಕ್ಕ ತೂಕಕ್ಕ ಕೊಡ್ತಾರ, ಯಾರಿಗೂ ಮೋಸ ಇಲ್ಲ."

"ನನಗ ಯಾಕ ಸುಣ್ಣ ಅಂತ ಹೇಳಿದಿ?"

"ಇಪ್ಪತ್ತ ವರ್ಸದಿಂದ ಕೇಳಿದವ್ರಿಗೆಲ್ಲಾ ಅದ ಹೇಳೇನಿ. ಬಾಯಿಗೆ ಅದ ಬಂತು." ಆಮೇಲೆ ಮೆಲ್ಲಗೆ, "ಮೀನ ಹೆಂಗದಾವ?" ಎಂದರು.

"ಹನ್ನೊಂದೂ ಹೋದ್ವು."

ಅಪ್ಪ ಒಳಗೆ ಹೋದರು. ಬರುವಾಗ ಕೈಯಲ್ಲಿ ಕನ್ನಡಕದ ಅಂಗಡಿಯವರು ಬಳಸುವಂಥ ಸಣ್ಣ ಸ್ಕ್ರೂಡ್ರೈವರ್ ಮತ್ತು ಒಂದು ಲೋಟ ನೀರಿತ್ತು. ಗಾಜಿಗೆ ಹನಿ ಹಾಕಿ, ಬೆಳಕಿಗೆ ಹಿಡಿದು, ಸ್ಕ್ರೂ ತಿರುಗಿಸಿದರು. ಮೂರು ಸಲ ಮಾಡಬೇಕಾಯಿತು. "ನೋಡು," ಎಂದು ನನಗೆ ಕೊಟ್ಟರು. ಗೆರೆ ಸೊನ್ನೆಯ ಮೇಲೆ ನಿಂತಿತ್ತು. ಅಳೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ನಾನು ಬೇಡ ಎನ್ನಬಹುದಿತ್ತು. ಇದ್ದ ಹಾಗೆ ಇಟ್ಟುಕೋ ಅಪ್ಪಾ ಎನ್ನಬಹುದಿತ್ತು. ಸರಿಯಾದ ಸೊನ್ನೆ ನೋಡಿ ನನಗೆ ಆ ಕ್ಷಣ ಸಮಾಧಾನವೇ ಆಯಿತು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟೆ.

ದೀಪಾವಳಿ ಕಳೆದ ಮೇಲೆ ಅಪ್ಪ ಹೊಲಗಳನ್ನು ನೋಡಲು ಹೊರಟರು. ರಜೆಗೆ ಬಂದಿದ್ದ ನಾನೂ ಜೊತೆಗೆ ಹೋದೆ. ಪರಸಪ್ಪ ಕಾಕಾ ಕಬ್ಬು ಹಿಂಡಿ ಹನಿ ಬಿಟ್ಟು, ಎಂದಿನಂತೆ ಕೈಕಟ್ಟಿ ನಿಂತರು. ಅಪ್ಪ ತಾವು ನೋಡಿ ದುರ್ಬೀನನ್ನು ನನಗೆ ದಾಟಿಸಿದರು. ಹದಿನೇಳು.

"ಎಷ್ಟ ಬಂತೋ ಈರಣ್ಣಾ?"

"ಹದಿನೇಳು. ಇನ್ನಾ ಆಗಿಲ್ಲ, ಪರಸಪ್ಪಾ. ಎರಡ ವಾರ ಹೋಗ್ಲಿ."

"ಹ್ವಾದ ವರ್ಸ ಈಟೊತ್ತಿಗೆ ಗಾಡಿ ತುಂಬಿದ್ವಲ್ಲೋ."

ಅಪ್ಪ ಕಾಗದದಲ್ಲಿ ಹದಿನೇಳು ಎಂದೇ ಬರೆದರು. ಅವರ ಬರವಣಿಗೆ ಪ್ರತಿ ವರ್ಷಕ್ಕಿಂತ ದೊಡ್ಡದಾಗಿತ್ತು.

ಹನ್ನೊಂದನೆಯ ದಿನ ದಾಂಡೇಲಿಗೆ ಅಪ್ಪನ ಫೋನು ಬಂತು. ಬೆಳಗಿನ ಬಸ್ಸಿಗೆ ಊರಿಗೆ ಹೋಗಿ, ಅಪ್ಪನ ಹಿಂದೆ ಬೈಕಿನಲ್ಲಿ ಕುಳಿತು ಹೊಲಕ್ಕೆ ಹೋದೆ. ಅಡವಿಯ ಕಡೆಯ ಒಡ್ಡು ಕುಸಿದಿತ್ತು. ಒಳಗೆ ಹಾಸಿಗೆ ಹಾಸಿದಂತೆ ಕಬ್ಬು ಮಲಗಿತ್ತು. ಆನೆಗಳು ತಿಂದದ್ದು ಕಡಿಮೆ, ತುಳಿದದ್ದೇ ಹೆಚ್ಚು. ನಾಲ್ಕು ಮೂಲೆಗೂ ನಡೆದು ನೋಡಿದೆ. ನಿಂತಿದ್ದು ರಸ್ತೆಯ ಕಡೆಯ ಒಂಬತ್ತು ಸಾಲು.

ಪರಸಪ್ಪ ಕಾಕಾ ಕೂಗಾಡಲಿಲ್ಲ. ಅವರಿಗೆ ಸ್ಕ್ರೂವಿನ ಸಂಗತಿ ಗೊತ್ತಿಲ್ಲ. ಅಪ್ಪ ಹೇಳಿಲ್ಲ, ನಾನೂ ಹೇಳಿಲ್ಲ. ತುಳಿದದ್ದರ ನಡುವಿನಿಂದ ಒಂದು ಗಳ ಎತ್ತಿ, ಮಣ್ಣು ಒರೆಸಿ, ಮೊಣಕಾಲಿಗೆ ಕೊಟ್ಟು ಮುರಿದು ನನ್ನ ಕೈಗಿಟ್ಟರು.

"ತಿನ್ನವಾ. ನೀನೂ ಓದಿದಾಕಿ. ಆಗಿತ್ತೋ ಇಲ್ಲೋ, ನೀನ ಹೇಳು."

ಅಪ್ಪ ಬೈಕಿನ ಹತ್ತಿರವೇ ನಿಂತಿದ್ದರು. ದುರ್ಬೀನಿನ ಚೀಲ ಅವರ ಹೆಗಲಲ್ಲಿತ್ತು. ನಾನು ಸಿಪ್ಪೆ ಹಲ್ಲಿನಿಂದ ಸಿಗಿದು ಒಂದು ಗಣಿಕೆ ಅಗಿದೆ. ಗಲ್ಲದವರೆಗೆ ಹಾಲು ಇಳಿಯಿತು. ಎಲ್ಲೂ ಸಪ್ಪೆ ಇರಲಿಲ್ಲ. ಪರಸಪ್ಪ ಕಾಕಾ ನನ್ನ ಬಾಯಿಯನ್ನೇ ನೋಡುತ್ತ ನಿಂತಿದ್ದರು.

ನನ್ನ ಚೀಲದಲ್ಲಿ ನೋಟ್‌ಬುಕ್ ಇತ್ತು. ತೆಗೆಯಲಿಲ್ಲ.